ಜೀರಿಗೆಯ ಉಗುರು: ಡೊಂಬಿವಲಿಯ ಒಂದು ಮೊಲದ ಪ್ರಕರಣ

ಜೀರಿಗೆ ನಮ್ಮ ಮನೆಯ ಮೊಲ. ಹೆಣ್ಣು. ಈ ಘಟನೆ ನಡೆದಾಗ ಅದಕ್ಕೆ ಮೂರು ವರ್ಷ, ತೂಕ 2 ಕಿಲೋ 400 ಗ್ರಾಂ. ಹುರಿದ ಜೀರಿಗೆಯ ಬಣ್ಣದ ಮೈ, ಕಪ್ಪು ಉಗುರು. ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಎರಡನೇ ಮಹಡಿಯ ಸಣ್ಣ ಫ್ಲ್ಯಾಟು. ಗಂಡ, ಒಂಬತ್ತನೇ ಕ್ಲಾಸಿನ ಮಗ, ಕುಂದಾಪುರದ ಅತ್ತೆ, ನಾನು. ಮೇಲಿನ ಮನೆಯವರು ಪುಣೆಗೆ ವರ್ಗವಾಗಿ ಹೋಗುವಾಗ ಜೀರಿಗೆಯನ್ನು ಪಂಜರದ ಸಮೇತ ನಮಗೆ ಕೊಟ್ಟು ಹೋದರು. ಪಂಜರದ ತಳ ತಂತಿಯದ್ದು. ಅದು ಒಳ್ಳೆಯದಲ್ಲ ಅಂತ ಮಗ ಎಲ್ಲೋ ಓದಿದ್ದ. ಹಾಗಾಗಿ ಮೊದಲ ತಿಂಗಳಲ್ಲೇ ಪಂಜರ ತೆಗೆದು ಹಾಲಿನಲ್ಲಿ ಓಡಾಡಲು ಬಿಟ್ಟೆವು. ಹಾಲಿಗೆಲ್ಲ ನುಣುಪಾದ ಟೈಲ್ಸ್. ತಂತಿಯಿಂದ ಬಿಡುಗಡೆ ಆಯ್ತಲ್ಲ, ಇನ್ನೇನು ಬೇಕು ಅಂದುಕೊಂಡಿದ್ದೆವು.

ಜೀರಿಗೆ ಓಡಾಡುವಾಗ ಟಕ್ ಟಕ್ ಅಂತ ಸದ್ದು ಬರುತ್ತಿತ್ತು. ಅತ್ತೆಗೆ ಆ ಸದ್ದೆಂದರೆ ಇಷ್ಟ, ಗೆಜ್ಜೆ ಕಟ್ಟಿದ ಮಗು ನಡೆದ ಹಾಗಿದೆ ಅನ್ನುತ್ತಿದ್ದರು. ನನಗೂ ಇಷ್ಟವಾಗಿತ್ತು. ಅಡುಗೆಮನೆಯಲ್ಲಿ ನಿಂತೇ ಅದು ಎಲ್ಲಿದೆ ಅಂತ ಗೊತ್ತಾಗುತ್ತಿತ್ತು. ಎಂಟು ತಿಂಗಳು ಆ ಸದ್ದು ಕೇಳಿಕೊಂಡೇ ಇದ್ದೆವು.

ಜೂನ್ ನಡುವಿನ ಒಂದು ಬುಧವಾರ ಸಂಜೆ. ಮಳೆ ಶುರುವಾಗಿ ವಾರವಾಗಿತ್ತು, ನೆಲವೆಲ್ಲ ತೇವ. ಜೀರಿಗೆಗೆ ಥಂಡಿ ಆಗಬಾರದು ಅಂತ ಟೇಬಲ್ ಕೆಳಗೆ ಹಳೆಯ ಟರ್ಕಿ ಟವೆಲ್ ಹಾಸಿದ್ದೆ. ಅದು ಮುಂಗಾಲಿನಲ್ಲಿ ಟವೆಲನ್ನು ಕೆರೆಯುತ್ತಿತ್ತು. ಮೊಲಗಳಿಗೆ ಕೆರೆಯುವುದು, ತೋಡುವುದು ಹುಟ್ಟುಗುಣ. ಒಳಗೆ ಸ್ಟೀಲ್ ತಟ್ಟೆ ಕೆಳಗೆ ಬಿತ್ತು. ಜೀರಿಗೆ ಬೆಚ್ಚಿ ಹಾರಿತು. ಮೈ ಹಾರಿತು, ಬಲ ಮುಂಗಾಲಿನ ಒಂದು ಉಗುರು ಮಾತ್ರ ಟವೆಲಿನ ನೂಲಿನ ಕುಣಿಕೆಯಲ್ಲಿ ಸಿಕ್ಕಿಕೊಂಡಿತು.

ಅದು ಕೂಗಲಿಲ್ಲ. ಮೊಲ ಹಾಗೆಲ್ಲ ಕೂಗುವುದಿಲ್ಲ. ತಿರುಗಿ ನೋಡಿದಾಗ ಟೇಬಲಿನಿಂದ ಸೋಫಾದವರೆಗೆ ಬಿಳಿ ಟೈಲ್ಸ್ ಮೇಲೆ ಕೆಂಪು ಹನಿಗಳು, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ಸೋಫಾದ ಹಿಂದಿನಿಂದ ಎತ್ತಿ ನೋಡಿದರೆ ಮೂರನೇ ಬೆರಳಿನ ಉಗುರು ಬುಡದಿಂದ ಕಿತ್ತು ಬಂದು ಒಂದು ಬದಿಯಲ್ಲಿ ಮಾತ್ರ ಅಂಟಿಕೊಂಡಿತ್ತು. ಕಪ್ಪು ಸಿಪ್ಪೆ ಒಂದು ಕಡೆ ವಾಲಿತ್ತು, ಒಳಗಿನ ಗುಲಾಬಿ ತುದಿ ಹೊರಗೆ ಕಾಣುತ್ತಿತ್ತು.

ಅತ್ತೆ ಓಡಿ ಹೋಗಿ ಅರಿಶಿನ ತಂದರು. ನಾನೂ ಹಾಕಿದೆ. ನಮ್ಮ ಕಡೆ ಕೈ ಕೊಯ್ದುಕೊಂಡರೆ ಮೊದಲು ನೆನಪಾಗುವುದೇ ಅರಿಶಿನ ಅಲ್ವಾ? ಜೀರಿಗೆ ಅದನ್ನೆಲ್ಲ ನೆಕ್ಕಿತು, ಬಾಯಿಯೆಲ್ಲ ಹಳದಿಯಾಯಿತು. ಗಾಯ ಎಷ್ಟಿದೆ ಅಂತಲೂ ಕಾಣದಾಯಿತು. ಇನ್ನೊಂದು ತಪ್ಪೂ ಮಾಡಿದೆ. ಹತ್ತಿಯನ್ನು ಒತ್ತಿ ಹಿಡಿಯುವುದು, ಅರ್ಧ ನಿಮಿಷಕ್ಕೊಮ್ಮೆ ತೆಗೆದು ರಕ್ತ ನಿಂತಿತಾ ಅಂತ ನೋಡುವುದು. ಪ್ರತಿ ಸಲ ತೆಗೆದಾಗಲೂ ಆಗಷ್ಟೇ ಹೆಪ್ಪುಗಟ್ಟುತ್ತಿದ್ದ ರಕ್ತ ಹತ್ತಿಯ ಜೊತೆ ಕಿತ್ತು ಬರುತ್ತಿತ್ತು. ಕೊನೆಗೆ ಗಂಡ ಬಂದು ಶುದ್ಧವಾದ ಕರವಸ್ತ್ರ ಮಡಚಿ ಬೆರಳಿಗೆ ಒತ್ತಿ, ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಅಲ್ಲಾಡದೆ ಕೂತರು. ಆಗ ನಿಂತಿತು. ಈಗ ನಮಗೆ ಗೊತ್ತು: ಗಾಜ್ ಅಥವಾ ತೆಳು ಬಟ್ಟೆಯಲ್ಲಿ ಕನಿಷ್ಠ ಐದು ನಿಮಿಷ ಇಣುಕದೆ ಒತ್ತಿ ಹಿಡಿಯಬೇಕು. ಉಗುರಿನ ತುದಿಯಿಂದ ಮಾತ್ರ ರಕ್ತ ಬರುತ್ತಿದ್ದರೆ ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪೌಡರು, ಅದಿಲ್ಲದಿದ್ದರೆ ಕಾರ್ನ್‌ಫ್ಲೋರ್ ಒತ್ತಬಹುದು. ನಮ್ಮ ಮನೆಯಲ್ಲಿ ಆದ ಹಾಗೆ ಬುಡದಿಂದ ಕಿತ್ತ ಹಸಿ ಗಾಯಕ್ಕೆ ಪುಡಿ ಬೇಡ. ಬಟ್ಟೆ ಸಾಕು, ಆಮೇಲೆ ಡಾಕ್ಟರು.

ನೆಲದ ಮೇಲಿನ ರಕ್ತ ನೋಡಿ ಮಗ ಅಳುತ್ತಿದ್ದ. ಆಮೇಲೆ ಡಾಕ್ಟರು ಅವನಿಗೆ ಲೆಕ್ಕ ಹೇಳಿದರು. ಮೊಲದ ಮೈಯಲ್ಲಿ ಒಂದು ಕಿಲೋ ತೂಕಕ್ಕೆ ಹತ್ತಿರ ಹತ್ತಿರ 60 ಮಿಲಿ ರಕ್ತ ಇರುತ್ತದೆ. ಜೀರಿಗೆಗೆ ಸುಮಾರು 140 ಮಿಲಿ, ಅಂದರೆ ಒಂದು ಲೋಟ ಕಾಫಿಯಷ್ಟು. ನಮ್ಮ ನೆಲದ ಮೇಲೆ ಚೆಲ್ಲಿದ್ದು ಹೆಚ್ಚೆಂದರೆ ಒಂದು ಚಮಚ. ಬಿಳಿ ಟೈಲ್ಸ್ ಮೇಲೆ ಒಂದು ಚಮಚವೇ ಅಷ್ಟು ಭಯ ಹುಟ್ಟಿಸುತ್ತದೆ. ಒಂದು ಉಗುರಿನಿಂದ ಮೊಲದ ಪ್ರಾಣ ಹೋಗುವಷ್ಟು ರಕ್ತ ಹೋಗುವುದು ತೀರಾ ಅಪರೂಪ. ಆಮೇಲೆ ಆಗುವ ಸೋಂಕು, ನೋವಿನಿಂದ ಊಟ ಬಿಡುವುದು, ಇವೇ ಹೆಚ್ಚು ಅಪಾಯ.

ಮಾರನೇ ದಿನ ಬೆಳಿಗ್ಗೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆವು. ಅಲ್ಲಿಗೆ ಬರುವುದು ಜಾಸ್ತಿ ನಾಯಿ, ಬೆಕ್ಕು. ಡಾಕ್ಟರು ಬೆರಳು ನೋಡಿ, ತೊಳೆದು, ಅಮಾಕ್ಸಿಸಿಲಿನ್ ಸಿರಪ್ ಬರೆದು ಕೊಟ್ಟರು. ಮನೆಯಲ್ಲಿ ಮಕ್ಕಳಿಗೆ ಜ್ವರ ಬಂದಾಗ ಕೊಡುತ್ತಿದ್ದ ಅದೇ ಔಷಧಿ, ಹೆಸರು ಪರಿಚಯದ್ದು. ತಂದು ಬಾಟಲಿ ತೆರೆದೂ ಆಗಿತ್ತು. ಅಷ್ಟರಲ್ಲಿ ಠಾಣೆ ನಗರದಲ್ಲಿ ಮೊಲ, ಆಮೆ, ಗಿಣಿಗಳನ್ನು ನೋಡುವ ಡಾಕ್ಟರೊಬ್ಬರ ನಂಬರು ಸಿಕ್ಕಿತು. ಸುಮ್ನೆ ಒಂದು ಮಾತು ಕೇಳೋಣ ಅಂತ ಫೋನ್ ಮಾಡಿದೆ. ಔಷಧಿಯ ಹೆಸರು ಹೇಳುತ್ತಲೇ ಅವರು, "ಅದನ್ನು ಬಾಯಿಗೆ ಹಾಕಬೇಡಿ, ಇವತ್ತೇ ಕರೆದುಕೊಂಡು ಬನ್ನಿ" ಅಂದರು.

ಮೊಲ ಸಾಕಿದವರು ಇದನ್ನು ತಿಳಿದಿರಲೇಬೇಕು. ಮೊಲದ ಹೊಟ್ಟೆಯಲ್ಲಿ ಹುಲ್ಲು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳ ದೊಡ್ಡ ಊರೇ ಇದೆ. ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧಿಗಳನ್ನು ಬಾಯಿಯ ಮೂಲಕ ಕೊಟ್ಟರೆ ಆ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಜಾಗ ಖಾಲಿಯಾದಾಗ ಕ್ಲಾಸ್ಟ್ರಿಡಿಯಂ ಜಾತಿಯ ಕೆಟ್ಟವು ಬೆಳೆದು ವಿಷ ಬಿಡುತ್ತವೆ. ಭೇದಿ ಶುರುವಾಗಿ ಕೆಲವೇ ದಿನಗಳಲ್ಲಿ ಮೊಲ ಸಾಯಬಹುದು. ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಕೂಡ ಹಾಗೆಯೇ. ಒಂದು ಬೆರಳಿನ ಗಾಯಕ್ಕೆ ಕೊಟ್ಟ ಔಷಧಿ ಜೀವವನ್ನೇ ತೆಗೆಯುತ್ತಿತ್ತು. ಆ ಬಾಟಲಿಯನ್ನು ನೆನೆದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ.

ಅವತ್ತು ಹಳಿಯ ಮೇಲೆ ನೀರು, ಲೋಕಲ್ ನಿಂತು ನಿಂತು ಹೋಗುತ್ತಿತ್ತು. ರಿಕ್ಷಾ ಮಾಡಿಕೊಂಡು ಠಾಣೆ ಮುಟ್ಟುವಾಗ ಎರಡು ಗಂಟೆ ಹಿಡಿಯಿತು. ಬುಟ್ಟಿಯೊಳಗೆ ಜೀರಿಗೆ ಮುದುಡಿ ಕೂತಿತ್ತು. ಕಣ್ಣು ಅರ್ಧ ಮುಚ್ಚಿತ್ತು, ಹಲ್ಲು ಕಟಕಟ ಕಡಿಯುತ್ತಿತ್ತು. ತಲೆ ಸವರುವಾಗ ಮೊಲ ಖುಷಿಯಿಂದ ಮೆಲ್ಲಗೆ ಹಲ್ಲು ಉಜ್ಜುವುದುಂಟು. ಇದು ಆ ಸದ್ದಲ್ಲ. ಇದು ಜೋರು, ಒರಟು. ನೋವಿನ ಸದ್ದು.

ಡಾಕ್ಟರಮ್ಮ ಬೆರಳನ್ನು ಮೊದಲು ಮುಟ್ಟಲೇ ಇಲ್ಲ. ಟೇಬಲಿನ ಮೇಲೆ ರಬ್ಬರ್ ಚಾಪೆ ಹಾಸಿ ಜೀರಿಗೆಯನ್ನು ಬಿಟ್ಟರು. ನಮಗೆ ಮಾತಾಡಬೇಡಿ ಅಂದರು. ಐದು ನಿಮಿಷ ಅದು ಹೇಗೆ ಕೂರುತ್ತದೆ, ಹೇಗೆ ನಿಲ್ಲುತ್ತದೆ ಅಂತ ಸುಮ್ಮನೆ ನೋಡಿದರು. ಆಮೇಲೆ ಗಾಯವಾಗದ ಮೂರು ಕಾಲುಗಳನ್ನು ಒಂದೊಂದಾಗಿ ನೋಡಿದರು. ಕೊನೆಗೆ ಹಿಂಗಾಲನ್ನು ನನ್ನ ಕಡೆ ತಿರುಗಿಸಿ, ಹಿಮ್ಮಡಿಯ ರೋಮವನ್ನು ಎರಡು ಬೆರಳಿನಲ್ಲಿ ಬಿಡಿಸಿ ತೋರಿಸಿದರು.

ಅಲ್ಲಿ ರೋಮವೇ ಇರಲಿಲ್ಲ. ಎಂಟಾಣೆ ನಾಣ್ಯದಷ್ಟು ಜಾಗ ಬೋಳಾಗಿ, ಕೆಂಪಾಗಿ, ಹೊಳೆಯುತ್ತಿತ್ತು. ಎಡಗಾಲಿನಲ್ಲಿ ನಡುವೆ ಸಣ್ಣದೊಂದು ಹಕ್ಕಳೆಯೂ ಕಟ್ಟಿತ್ತು. ಸುತ್ತಲಿನ ಉದ್ದ ರೋಮ ಅದನ್ನು ಮುಚ್ಚಿಟ್ಟಿತ್ತು. ದಿನಾ ಎತ್ತಿ ಮುದ್ದಿಸುತ್ತಿದ್ದೆವು, ಆದರೆ ಪಾದದ ಅಡಿ ಯಾರೂ ನೋಡಿರಲಿಲ್ಲ.

ಅವರು ವಿವರಿಸಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ನಾಯಿ, ಬೆಕ್ಕಿಗೆ ಇರುವಂಥ ಮೆತ್ತನೆಯ ಗದ್ದಿ ಮೊಲದ ಪಾದಕ್ಕೆ ಇಲ್ಲ. ಇರುವುದು ದಟ್ಟ ರೋಮ, ಅದರಡಿ ತೆಳು ಚರ್ಮ, ಅದರಡಿ ಎಲುಬು. ಮಣ್ಣಿನಲ್ಲಿ ನಡೆಯುವ ಮೊಲದ ಉಗುರು ನೆಲದೊಳಗೆ ಇಳಿಯುತ್ತದೆ. ಆಗ ಭಾರ ಬೆರಳುಗಳಿಗೂ ಹಂಚಿ ಹೋಗುತ್ತದೆ. ಬಿಲ ತೋಡುವಾಗ ಉಗುರು ತಾನಾಗಿಯೇ ಸವೆಯುತ್ತದೆ. ಟೈಲ್ಸ್ ಮೇಲೆ ಇಳಿಯಲು ಜಾಗ ಎಲ್ಲಿದೆ? ಉಗುರು ಬೆಳೆದಷ್ಟೂ ನೆಲಕ್ಕೆ ತಾಗಿ ಬೆರಳನ್ನು ಮೇಲಕ್ಕೆ ಎತ್ತುತ್ತದೆ. ಬೆರಳು ಎದ್ದರೆ ಭಾರವೆಲ್ಲ ಹಿಂದಕ್ಕೆ, ಹಿಮ್ಮಡಿಗೆ. ಒಂದೇ ಜಾಗಕ್ಕೆ ದಿನವಿಡೀ ಭಾರ ಬಿದ್ದರೆ ರೋಮ ಉದುರುತ್ತದೆ, ಚರ್ಮ ಕೆಂಪಾಗುತ್ತದೆ, ಆಮೇಲೆ ಹುಣ್ಣು. ಹುಣ್ಣು ಎಲುಬಿಗೆ ಇಳಿದರೆ ವಾಸಿ ಮಾಡುವುದು ಬಹಳ ಕಷ್ಟ. ಪೊಡೊಡರ್ಮಟೈಟಿಸ್ ಅನ್ನುತ್ತಾರೆ.

"ಮನೆಯಲ್ಲಿ ನಡೆಯುವಾಗ ಸದ್ದು ಬರುತ್ತಾ?" ಅಂತ ಕೇಳಿದರು. ಅತ್ತೆ ನನ್ನ ಮುಖ ನೋಡಿದರು. ಟಕ್ ಟಕ್.

ಕಿತ್ತು ಬಂದ ಉಗುರೂ ಇದೇ ಕಥೆಯ ಭಾಗ. ಉದ್ದ ಬೆಳೆದು ಕೊಕ್ಕೆಯ ಹಾಗೆ ಬಾಗಿದ್ದರಿಂದಲೇ ಅದು ಟವೆಲಿಗೆ ಸಿಕ್ಕಿಕೊಂಡಿದ್ದು. ನಾವು ಬೆರಳಿಗೆ ಔಷಧಿ ಕೇಳಿಕೊಂಡು ಹೋಗಿದ್ದೆವು. ರೋಗ ನಮ್ಮ ನೆಲದಲ್ಲಿತ್ತು.

ಬೆರಳಿನ ಚಿಕಿತ್ಸೆ ಬೇಗ ಮುಗಿಯಿತು. ಎಕ್ಸ್‌ರೇಯಲ್ಲಿ ಎಲುಬು ಮುರಿದಿರಲಿಲ್ಲ. ಮೊದಲು ನೋವಿನ ಇಂಜೆಕ್ಷನ್ ಕೊಟ್ಟು, ಅದು ಹಿಡಿದ ಮೇಲೆ ಜೋತಾಡುತ್ತಿದ್ದ ಸಿಪ್ಪೆಯನ್ನು ತೆಗೆದರು. ತೆಳು ಮಾಡಿದ ಪೊವಿಡೋನ್ ಅಯೋಡಿನ್‌ನಿಂದ ತೊಳೆದರು. ನೋವಿಗೆ ಮೆಲಾಕ್ಸಿಕಾಮ್, ಸೋಂಕಿಗೆ ಎನ್ರೋಫ್ಲಾಕ್ಸಾಸಿನ್. ಎಷ್ಟು ಕೊಟ್ಟರು ಅಂತ ಬೇಕೆಂದೇ ಬರೆಯುವುದಿಲ್ಲ. ಅದನ್ನು ಮೊಲವನ್ನು ತೂಗಿ ನೋಡಿದ ಡಾಕ್ಟರೇ ಹೇಳಬೇಕು. ಬ್ಯಾಂಡೇಜ್ ಎರಡೇ ದಿನ, ಆಮೇಲೆ ಬೇಡ ಅಂದರು. ಮೊಲ ಅದನ್ನು ಕಚ್ಚಿ ನುಂಗುತ್ತದೆ, ಮಳೆಗಾಲದಲ್ಲಿ ಒಳಗೆ ತೇವ ಕೂತು ಕೊಳೆಯಲೂಬಹುದು. ಬೆರಳು ಊದಿಕೊಂಡರೆ ಕಾಯಬೇಡಿ ಅಂದರು. ಮೊಲದ ಕೀವು ನಮ್ಮದರ ಹಾಗೆ ನೀರಾಗಿ ಹರಿಯುವುದಿಲ್ಲ. ಟೂತ್‌ಪೇಸ್ಟಿನ ಹಾಗೆ ಗಟ್ಟಿ. ತಾನಾಗಿ ಒಡೆದು ಹೋಗಲಿ ಅಂತ ಕಾಯುತ್ತಾ ಕೂತರೆ ಎಲುಬು ಹಾಳಾಗಿ ಬೆರಳನ್ನೇ ತೆಗೆಯಬೇಕಾಗಬಹುದು.

ನೊಣದ ಬಗ್ಗೆ ಎರಡು ಸಲ ಹೇಳಿದರು. ಮಳೆಗಾಲದಲ್ಲಿ ರಕ್ತ ಅಥವಾ ಮೂತ್ರ ತಾಗಿದ ಒದ್ದೆ ರೋಮದ ಮೇಲೆ ನೊಣ ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಹುಳವಾಗಿ ಬದುಕಿರುವ ಮೊಲದ ಮಾಂಸವನ್ನೇ ತಿನ್ನಲು ಶುರುಮಾಡುತ್ತವೆ. ಹಾಗಾಗಿ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಗಾಯ ಮತ್ತು ಹಿಂಭಾಗ ನೋಡುವುದು ಅತ್ತೆಯ ಕೆಲಸವಾಯಿತು. ಹಾಲಿನ ಕಿಟಕಿಗೆ ಸೊಳ್ಳೆ ಪರದೆ ಹಾಕಿಸಿದೆವು.

ಆ ಮೊದಲ ರಾತ್ರಿ ಮಾತ್ರ ಬಹಳ ಉದ್ದವಾಗಿತ್ತು. ಜೀರಿಗೆ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಮೊಲದ ಕರುಳು ಸದಾ ನಡೆಯುತ್ತಿರಬೇಕು. ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಅದನ್ನು ತುರ್ತು ಅಂತಲೇ ತಿಳಿಯಬೇಕು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಕಟ್ಟಿಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ, ನೆನೆಸಿದ ಪೆಲೆಟ್ (ಗುಳಿಗೆಯಂಥ ಮೊಲದ ಆಹಾರ) ಗಂಜಿಯನ್ನು ಸಿರಿಂಜಿನಲ್ಲಿ ಬಾಯಿಯ ಬದಿಯಿಂದ ಸ್ವಲ್ಪ ಸ್ವಲ್ಪವೇ ಕೊಡಲು ಕಲಿಸಿದ್ದರು. ಮಗ ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದುಕೊಂಡು ಹಿಕ್ಕೆ ಎಣಿಸುತ್ತಿದ್ದ. ರಾತ್ರಿ ಹನ್ನೊಂದಕ್ಕೆ ಸೊನ್ನೆ. ಒಂದೂವರೆಗೆ ಮೂರು, ಸಣ್ಣವು. ನಾಲ್ಕು ಗಂಟೆಗೆ ಅತ್ತೆ ಕೊತ್ತಂಬರಿ ಸೊಪ್ಪಿನ ಒಂದು ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದರು. ಮೂಗು ಅಲ್ಲಾಡಿತು. ಎಲೆಯ ತುದಿ ಬಾಯೊಳಗೆ ಹೋಯಿತು, ಆಮೇಲೆ ಇಡೀ ಕಡ್ಡಿ. ಮಗ ಅಲ್ಲೇ ಚಾಪೆಯ ಮೇಲೆ ನಿದ್ದೆ ಹೋದ.

ಇನ್ನು ನೆಲದ ವಿಷಯ. ನಮಗೆ ಜಾಸ್ತಿ ದಿನ ಹಿಡಿದದ್ದು ಇದಕ್ಕೇ. ಮೊದಲು ಯೋಗ ಮ್ಯಾಟ್ ಹಾಕಿದೆವು. ಎರಡನೇ ದಿನಕ್ಕೆ ಅಂಚು ಕಡಿದಿತ್ತು. ರಬ್ಬರ್ ಚೂರು ನುಂಗಿದರೆ ಕರುಳು ಕಟ್ಟುತ್ತದೆ, ತೆಗೆದುಬಿಟ್ಟೆವು. ಊರಿನಿಂದ ತಂದ ತೆಂಗಿನ ನಾರಿನ ಚಾಪೆ ಬೋಳು ಹಿಮ್ಮಡಿಗೆ ತೀರಾ ಒರಟು. ಟರ್ಕಿ ಟವೆಲಂತೂ ಮನೆಯಲ್ಲಿ ಎಲ್ಲಿಯೂ ನೆಲಕ್ಕೆ ಬರಕೂಡದು ಅಂತಾಯಿತು. ಕೊನೆಗೆ ಒದಗಿದ್ದು ಸೊಲ್ಲಾಪುರದ ಚಾದರ. ಮನೆಯಲ್ಲಿ ಹಳೆಯವು ನಾಲ್ಕಿದ್ದವು. ದಪ್ಪ ಹತ್ತಿ, ಬಿಗಿ ನೇಯ್ಗೆ, ಉಗುರು ಸಿಕ್ಕಲು ಕುಣಿಕೆ ಇಲ್ಲ. ಕೆಳಗೆ ಪೇಪರ್, ಅದರ ಮೇಲೆ ಹಳೆ ಹಾಸಿಗೆಯ ಹತ್ತಿ ತುಂಬಿ ಹೊಲಿದ ತೆಳು ಗಾದಿ, ಅದರ ಮೇಲೆ ಚಾದರ. ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು, ಅಷ್ಟು ಮೆತ್ತಗೆ. ಚಾದರದ ಅಂಚಿನ ಕುಚ್ಚನ್ನು ಕತ್ತರಿಸಿ ಮಡಚಿ ಹೊಲಿದೆ, ಇಲ್ಲದಿದ್ದರೆ ಬೆರಳಿಗೆ ದಾರ ಸುತ್ತಿಕೊಳ್ಳುತ್ತದೆ.

ಮುಂಬೈ ಮಳೆಯಲ್ಲಿ ಚಾದರ ಒಣಗಿಸುವುದೇ ದೊಡ್ಡ ಕೆಲಸ. ಒದ್ದೆ ಹಾಸು ಹಿಮ್ಮಡಿಗೆ ಟೈಲ್ಸ್‌ಗಿಂತ ಕೆಟ್ಟದ್ದು. ಚರ್ಮ ನೆನೆದು ಮೆತ್ತಗಾಗುತ್ತದೆ, ಬೇಗ ಒಡೆಯುತ್ತದೆ. ಜುಲೈ ಇಡೀ ಒಂದು ಚಾದರ ಹಾಸಿದ್ದು, ಒಂದು ಹಗ್ಗದ ಮೇಲೆ, ಒಂದು ಫ್ಯಾನ್ ಕೆಳಗೆ, ಇನ್ನೊಂದು ಇಸ್ತ್ರಿ ಪೆಟ್ಟಿಗೆಯಡಿ. ಮೂತ್ರದ ತಟ್ಟೆಯಲ್ಲಿ ಪೇಪರಿನ ಮೇಲೆ ದಪ್ಪಗೆ ಒಣಹುಲ್ಲು ಹಾಕಿ ದಿನಾ ಬದಲಿಸಿದೆವು.

ತೂಕವೂ ಇಳಿಯಬೇಕಿತ್ತು. ಅತ್ತೆ ಮಧ್ಯಾಹ್ನದ ಚಹಾಕ್ಕೆ ಕೂತಾಗ ಜೀರಿಗೆಗೂ ಅರ್ಧ ಬಿಸ್ಕತ್ತು ಸಿಗುತ್ತಿತ್ತು. ಬಾಳೆಹಣ್ಣೂ ಬರುತ್ತಿತ್ತು. ಡಾಕ್ಟರು ಬೈಯಲಿಲ್ಲ. ಆ ಭಾರವೆಲ್ಲ ಈ ಎಂಟಾಣೆ ಜಾಗದ ಮೇಲೆ ಬೀಳುತ್ತದೆ ಅಂತ ಮಾತ್ರ ತೋರಿಸಿದರು. ಅವತ್ತಿನಿಂದ ಬಿಸ್ಕತ್ತು ನಿಂತಿತು. ಹುಲ್ಲು ಬೇಕಾದಷ್ಟು, ಸೊಪ್ಪು, ಸ್ವಲ್ಪ ಪೆಲೆಟ್.

ಉಗುರು ಕತ್ತರಿಸುವುದನ್ನು ಮೂರನೇ ಭೇಟಿಯಲ್ಲಿ ಡಾಕ್ಟರೇ ಕಲಿಸಿದರು. ಉಗುರಿನ ಒಳಗೆ ರಕ್ತನಾಳ, ನರ ಇರುವ ಭಾಗಕ್ಕೆ ಅವರು ಕ್ವಿಕ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ "ಜೀವ" ಅಂತಲೇ ಹೆಸರು. ಬಿಳಿ ಉಗುರಿನಲ್ಲಿ ಜೀವ ಗುಲಾಬಿಯಾಗಿ ಕಾಣುತ್ತದೆ. ಜೀರಿಗೆಯ ಕಪ್ಪು ಉಗುರಿನಲ್ಲಿ ಏನೂ ಕಾಣುವುದಿಲ್ಲ. ಮೊಬೈಲ್ ಟಾರ್ಚನ್ನು ಉಗುರಿನ ಕೆಳಗೆ ಹಿಡಿದರೆ ನೆರಳಿನ ಹಾಗೆ ಒಂದು ಗೆರೆ ಕಾಣುತ್ತದೆ, ಅದಕ್ಕಿಂತ ಎರಡು ಮೂರು ಮಿಲಿಮೀಟರ್ ಮುಂದೆ ಕತ್ತರಿಸಬೇಕು. ಟಾರ್ಚಿನಲ್ಲೂ ಕಾಣದಿದ್ದರೆ ಕತ್ತರಿಯನ್ನು ಇಟ್ಟು ಮೆಲ್ಲಗೆ ಅದುಮಿ ನೋಡುವುದು. ಕಾಲು ಎಳೆದುಕೊಂಡರೆ ಅಲ್ಲಿ ಜೀವ ಇದೆ ಅಂತ, ಇನ್ನೂ ತುದಿಗೆ ಹೋಗಬೇಕು. ಉದ್ದ ಬೆಳೆದ ಉಗುರಿನಲ್ಲಿ ಜೀವವೂ ಮುಂದೆ ಬಂದಿರುತ್ತದೆ. ಒಂದೇ ದಿನ ಚಿಕ್ಕದು ಮಾಡಲು ಹೋಗಬಾರದು. ನಾವು ವಾರಕ್ಕೊಮ್ಮೆ ತುದಿ ಮಾತ್ರ ತೆಗೆದೆವು. ಎರಡು ತಿಂಗಳಲ್ಲಿ ಜೀವ ಹಿಂದೆ ಸರಿಯಿತು. ಈಗ ಐದು ವಾರಕ್ಕೊಮ್ಮೆ ಸಾಕು.

ಹಿಡಿಯುವುದು ಕತ್ತರಿಸುವುದಕ್ಕಿಂತ ಕಷ್ಟ. ಮೊಲವನ್ನು ಬೆನ್ನ ಮೇಲೆ ಮಲಗಿಸಿದರೆ ಅಲ್ಲಾಡದೆ ಬಿದ್ದಿರುತ್ತದೆ. ಕೆಲವರು ಇದನ್ನು ಉಪಾಯ ಅಂತ ಹೇಳಿಕೊಡುತ್ತಾರೆ. ಅದು ಸಮಾಧಾನ ಅಲ್ಲ. ಹುಲಿ ಬಾಯಿಗೆ ಸಿಕ್ಕ ಪ್ರಾಣಿ ಸತ್ತಂತೆ ಬೀಳುವ ಭಯ. ದಯವಿಟ್ಟು ಹಾಗೆ ಮಾಡಬೇಡಿ. ಜೊತೆಗೆ ಅದರ ಎಲುಬು ಹಗುರ, ಇಡೀ ಅಸ್ಥಿಪಂಜರ ಸೇರಿ ಮೈ ತೂಕದ ಶೇ. 8ರಷ್ಟು ಮಾತ್ರ. ಹಿಂಗಾಲಿನ ಸ್ನಾಯು ಮಾತ್ರ ಬಲವಾದದ್ದು. ಗಾಳಿಯಲ್ಲಿ ಜೋರಾಗಿ ಒದ್ದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಹುದು. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಪೃಷ್ಠದ ಕೆಳಗೆ ಇರಲೇಬೇಕು.

ನಮ್ಮಲ್ಲಿ ಈ ಕೆಲಸ ಅತ್ತೆಯದ್ದು. ಪತ್ರೊಡೆ ಸುತ್ತಿ ಅಭ್ಯಾಸವಾದ ಕೈ. ಹತ್ತಿ ಬಟ್ಟೆಯ ನಡುವೆ ಜೀರಿಗೆಯನ್ನು ಕೂರಿಸಿ, ಒಂದು ಬದಿ ಮಡಚಿ, ಹಿಂದಿನದನ್ನು ಮೇಲಕ್ಕೆ ತಂದು, ಇನ್ನೊಂದು ಬದಿ ಸುತ್ತಿದರೆ ಮುಗಿಯಿತು. ತುಂಬ ಬಿಗಿಯಿಲ್ಲ, ಸಡಿಲವೂ ಇಲ್ಲ. ಮುಖ ಹೊರಗೆ. ಒಂದು ಸಲಕ್ಕೆ ಒಂದೇ ಕಾಲನ್ನು ಹೊರಗೆ ತೆಗೆಯುತ್ತಾರೆ, ನಾನು ಕತ್ತರಿಸುತ್ತೇನೆ, ಮಗ ಟಾರ್ಚ್ ಹಿಡಿಯುತ್ತಾನೆ. ಜೀರಿಗೆ ಉಸಿರು ಜೋರು ಮಾಡಿದರೆ ಅಷ್ಟಕ್ಕೇ ನಿಲ್ಲಿಸುತ್ತೇವೆ, ಉಳಿದದ್ದು ನಾಳೆ.

ಮೊದಲ ಸಲ ನಾವೇ ಮಾಡಿದಾಗ ಒಟ್ಟು 16 ಉಗುರು ಎಣಿಸಿ ಮುಗಿಸಿದ್ದೆವು. ಮೊಲಕ್ಕೆ ಇರುವುದು 18. ಹಿಂಗಾಲಿಗೆ ನಾಲ್ಕು ನಾಲ್ಕು, ಮುಂಗಾಲಿಗೆ ಐದೈದು. ಮುಂಗಾಲಿನ ಐದನೆಯದು ಹೆಬ್ಬೆರಳಿನ ಹಾಗೆ ಒಳಬದಿಯಲ್ಲಿ, ಸ್ವಲ್ಪ ಮೇಲೆ ರೋಮದಲ್ಲಿ ಅಡಗಿರುತ್ತದೆ. ನೆಲಕ್ಕೆ ತಾಗದ್ದರಿಂದ ಅದು ಸವೆಯುವುದೇ ಇಲ್ಲ. ಮುಂದಿನ ಭೇಟಿಯಲ್ಲಿ ಡಾಕ್ಟರು ನೋಡಿದಾಗ ಎಡಗಾಲಿನದ್ದು ಅರ್ಧ ಬಳೆಯ ಹಾಗೆ ಬಾಗಿತ್ತು. ಇನ್ನೂ ಕೆಲವು ವಾರ ಬಿಟ್ಟಿದ್ದರೆ ಚರ್ಮಕ್ಕೇ ಚುಚ್ಚುತ್ತಿತ್ತು.

ನವೆಂಬರ್ ಹೊತ್ತಿಗೆ ಜೀರಿಗೆಯ ತೂಕ 2 ಕಿಲೋ 100 ಗ್ರಾಂ. ಎಡ ಹಿಮ್ಮಡಿಯ ಹಕ್ಕಳೆ ಮಾಯವಾಗಿ ಹೊಸ ರೋಮ ಬಂದಿದೆ, ನಡುವೆ ತೊಗರಿಬೇಳೆಯಷ್ಟು ಜಾಗ ಮಾತ್ರ ಬೋಳಾಗಿಯೇ ಉಳಿದಿದೆ. ಅಲ್ಲಿ ಚರ್ಮ ದಪ್ಪವಾಗಿದೆ, ಕೆಂಪಿಲ್ಲ, ಅದಿರಲಿ ಬಿಡಿ ಅಂದರು. ಕಿತ್ತು ಹೋಗಿದ್ದ ಉಗುರೂ ಬೆಳೆದು ಬಂದಿದೆ, ಬುಡಕ್ಕೆ ಪೆಟ್ಟಾಗಿದ್ದರಿಂದ ಸ್ವಲ್ಪ ಸೊಟ್ಟಗೆ, ಗೆರೆಗೆರೆಯಾಗಿ. ಅದಕ್ಕೆ ಕತ್ತರಿ ಹಾಕಿದರೆ ಸೀಳುತ್ತದೆ. ಹಾಗಾಗಿ ಕಳೆದ ಭಾನುವಾರವೂ 17 ಉಗುರುಗಳನ್ನು ನಾನು ಕತ್ತರಿಸಿದೆ. ಆ ಒಂದನ್ನು ಮಗ ತನ್ನ ಮಡಿಲಲ್ಲಿ ಕಾಲಿಟ್ಟುಕೊಂಡು, ಉಗುರು ಉಜ್ಜುವ ಅರದಿಂದ ಮೆಲ್ಲಗೆ ಉಜ್ಜಿದ. ಇಳಿಸಿದ ಮೇಲೆ ಜೀರಿಗೆ ಚಾದರ ದಾಟಿ, ಬಾಗಿಲ ಹತ್ತಿರದ ಎರಡು ಟೈಲ್ಸ್ ಮೇಲೆ ಹಾದು ಅಡುಗೆಮನೆಗೆ ಹೋಯಿತು. ಅತ್ತೆ ಕಿವಿ ಕೊಟ್ಟು ಕೇಳಿದರು. ಏನೂ ಸದ್ದಿರಲಿಲ್ಲ.